ಬಿಸಿಲು ಫ್ರೀ, ಬಡ್ಡಿ ಫ್ರೀ ಅಲ್ಲ: ಪುರದ ಸೆಗಣಿ ಲೆಕ್ಕದಿಂದ ಪಾವಗಡದ ಪೈಸೆ ಲೆಕ್ಕದವರೆಗೆ

ಇವತ್ತಿನ ಎಪಿಸೋಡನ್ನ ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ಬಿಸಿಲು ಫ್ರೀ. ಗಾಳಿ ಫ್ರೀ. ಹಳ್ಳಿ ಮನೆಯ ಕೊಟ್ಟಿಗೆಯಲ್ಲಿ ಬೀಳೋ ಸೆಗಣಿಗೂ ಯಾರೂ ಬಿಲ್ ಕೊಡಲ್ಲ. ಹಾಗಿದ್ದ ಮೇಲೆ ಇವುಗಳಿಂದ ತಯಾರಾಗೋ ಕರೆಂಟಿಗೆ ದುಡ್ಡು ಯಾಕೆ ಕೊಡಬೇಕು?

ಇದನ್ನ ಎಂಜಿನಿಯರಿಂಗ್ ಓದ್ತಿರೋ ಫ್ರೆಂಡ್ ಹತ್ತಿರ ಕೇಳಿ ನೋಡಿ. ಪ್ಯಾನೆಲ್‌ನ ಎಫಿಶಿಯೆನ್ಸಿ, ಇನ್ವರ್ಟರ್, ಬ್ಯಾಟರಿ ಅಂತ ಮಾತು ಹೋಗುತ್ತೆ. ನನ್ನ ಥರ ಬಿಕಾಂ ಮಾಡಿದವರನ್ನ ಕೇಳಿದರೆ ಬರೋ ಮರುಪ್ರಶ್ನೆ ಒಂದೇ: ಬಂಡವಾಳ ಯಾರದು, ಬಡ್ಡಿ ಎಷ್ಟು? ಇಬ್ಬರೂ ಅರ್ಧರ್ಧ ಸರಿ. ಈ ಇಬ್ಬರ ಪ್ರಶ್ನೆಗಳನ್ನೂ ಒಂದೇ ಕ್ಲಾಸಲ್ಲಿ ಕೂರಿಸಬೇಕು ಅಂತ ಸುಮಾರು 50 ವರ್ಷದ ಹಿಂದೆ ಬೆಂಗಳೂರಿನಲ್ಲಿ ಒಬ್ಬ ಕೆಮಿಸ್ಟ್ರಿ ಪ್ರೊಫೆಸರ್ ಹೊರಟರು. ಅವರಿಗೆ ಆ ಕ್ಲಾಸ್‌ರೂಮ್ ಸಿಕ್ಕಿದ್ದು ಕುಣಿಗಲ್ ತಾಲ್ಲೂಕಿನ ಒಂದು ಪುಟ್ಟ ಹಳ್ಳಿಯಲ್ಲಿ. ಇವತ್ತಿನ ಕಥೆ ಅದೇ. ಆದರೆ ಅಲ್ಲಿಗೆ ಹೋಗೋ ಮುಂಚೆ ಒಂದು ಲೆಕ್ಕ ಮಾಡಿಬಿಡೋಣ. ಅದಿಲ್ಲದೆ ಕಥೆ ಅರ್ಧ ಮಾತ್ರ ಅರ್ಥ ಆಗುತ್ತೆ.

ಮೊಬೈಲ್ ಕೈಯಲ್ಲೇ ಇದೆ ಅಲ್ವಾ, ಜೊತೆಗೇ ಹಾಕಿ. ಮನೆ ಮಹಡಿ ಮೇಲೆ ಒಂದು ಕಿಲೋವ್ಯಾಟ್ ಸೋಲಾರ್. ಲೆಕ್ಕ ಸುಲಭ ಆಗಲಿ ಅಂತ ಹಾಕಿಸೋ ಖರ್ಚು 50,000 ರೂಪಾಯಿ ಅಂದುಕೊಳ್ಳೋಣ. ವರ್ಷಕ್ಕೆ 1,400 ಯೂನಿಟ್ ಬರುತ್ತೆ, 25 ವರ್ಷ ಬಾಳಿಕೆ. ರಿಪೇರಿ, ಕ್ಲೀನಿಂಗ್ ಎಲ್ಲ ಸದ್ಯಕ್ಕೆ ಪಕ್ಕಕ್ಕಿಡಿ.

ದುಡ್ಡು ನಿಮ್ಮದೇ, ಬಡ್ಡಿಯೇ ಇಲ್ಲ ಅಂತಾದರೆ 50,000ವನ್ನ 25ರಿಂದ ಭಾಗಿಸಿ. ವರ್ಷಕ್ಕೆ 2,000. ಯೂನಿಟ್‌ಗೆ 1 ರೂಪಾಯಿ 43 ಪೈಸೆ. ಈಗ ಅದೇ ದುಡ್ಡನ್ನ ಶೇ 6ರ ಬಡ್ಡಿಗೆ ಸಾಲ ತಂದಿರಿ ಅನ್ನಿ. ಗೂಗಲ್ ಶೀಟ್ಸ್‌ನಲ್ಲಿ ಪಿಎಂಟಿ ಅಂತ ಒಂದು ಫಾರ್ಮುಲಾ ಇದೆ, ಬೈಕ್ ಇಎಂಐ ಲೆಕ್ಕ ಹಾಕೋದು ಅದರಲ್ಲೇ. ವರ್ಷದ ಕಂತು 3,911 ರೂಪಾಯಿ ಬರುತ್ತೆ. ಯೂನಿಟ್‌ಗೆ 2 ರೂಪಾಯಿ 79 ಪೈಸೆ. ಶೇ 12 ಆದರೆ ಕಂತು 6,375, ಯೂನಿಟ್‌ಗೆ 4 ರೂಪಾಯಿ 55 ಪೈಸೆ. ಇನ್ನು ಊರಲ್ಲಿ ಕೈಸಾಲ ಕೊಡೋರು ಕೇಳೋ ಥರ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ, ಅಂದ್ರೆ ವರ್ಷಕ್ಕೆ ಶೇ 36? ಯೂನಿಟ್‌ಗೆ 12 ರೂಪಾಯಿ 86 ಪೈಸೆ. 25 ವರ್ಷಕ್ಕೆ ಕೈಸಾಲ ಕೊಡೋ ಪುಣ್ಯಾತ್ಮರು ಎಲ್ಲೂ ಇಲ್ಲ ಅನ್ನೋದು ಬೇರೆ ಮಾತು.

ಅದೇ ಪ್ಯಾನೆಲ್, ಅದೇ ಮಹಡಿ, ಅದೇ ಸೂರ್ಯ. ಒಂದೂವರೆ ರೂಪಾಯಿಯ ಒಳಗೂ ಇರಬಹುದು, 13 ರೂಪಾಯಿಯ ಹತ್ತಿರಕ್ಕೂ ಹೋಗಬಹುದು. ಎಂಜಿನಿಯರಿಂಗ್ ಒಂದು ಚೂರೂ ಬದಲಾಗಿಲ್ಲ, ಬದಲಾಗಿದ್ದು ಬಡ್ಡಿ.

ಡೀಸೆಲ್ ಜನರೇಟರ್ ಹೀಗಲ್ಲ. ಕೊಳ್ಳುವಾಗ ಅಗ್ಗ, ಆಮೇಲೆ ದಿನಾ ಡೀಸೆಲ್ ಸುರೀತಾ ಇರಬೇಕು. ಅದು ಬಾಡಿಗೆ ಮನೆ ಇದ್ದ ಹಾಗೆ. ಸೋಲಾರ್, ವಿಂಡ್, ಜಲವಿದ್ಯುತ್ ಎಲ್ಲವೂ ಲೋನ್ ತಗೊಂಡು ಕಟ್ಟಿಸಿದ ಸ್ವಂತ ಮನೆ. 25 ವರ್ಷದ ಖರ್ಚಿನ ಬಹುಪಾಲನ್ನ ಮೊದಲನೇ ದಿನವೇ ಸುರಿಯಬೇಕು. ಹಾಗಾಗಿ ನವೀಕರಿಸಬಹುದಾದ ಶಕ್ತಿಯ ಅರ್ಥಶಾಸ್ತ್ರ ಅಂದರೆ ಮುಖ್ಯವಾಗಿ ಕಾಲದ ಅರ್ಥಶಾಸ್ತ್ರ. ಯಾರು ಮೊದಲು ದುಡ್ಡು ಹಾಕ್ತಾರೆ, ಯಾರು ಎಷ್ಟು ದಿನ ಕಾಯ್ತಾರೆ, ಕಾಯೋದಕ್ಕೆ ಎಷ್ಟು ಕೇಳ್ತಾರೆ.

ಈ ತಿಳಿವಳಿಕೆ ಹೊಸದಲ್ಲ. ಅಮೆರಿಕದಲ್ಲಿ ರೈಲ್ವೆ ಎಂಜಿನಿಯರ್ ಆರ್ಥರ್ ವೆಲ್ಲಿಂಗ್ಟನ್ 19ನೇ ಶತಮಾನದಲ್ಲೇ ಹಳಿ ಎಲ್ಲಿ ಹಾಕಬೇಕು ಅನ್ನೋದನ್ನ ದುಡ್ಡಿನ ಲೆಕ್ಕದಿಂದ ತೀರ್ಮಾನಿಸೋದು ಹೇಗೆ ಅಂತ ದೊಡ್ಡ ಪುಸ್ತಕ ಬರೆದ. 1930ರಲ್ಲಿ ಸ್ಟ್ಯಾನ್‌ಫರ್ಡ್‌ನ ಯುಜೀನ್ ಗ್ರಾಂಟ್ ಬರೆದ ಪಠ್ಯಪುಸ್ತಕದಿಂದ ‘ಎಂಜಿನಿಯರಿಂಗ್ ಎಕಾನಮಿ’ ಅನ್ನೋ ವಿಷಯ ಕಾಲೇಜುಗಳಲ್ಲಿ ಗಟ್ಟಿಯಾಗಿ ಕೂತಿತು. ನಮ್ಮಲ್ಲಿ? 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕರೆಂಟ್ ಕಳಿಸಿದರು. ಆ ಕಾಲಕ್ಕೆ ಅದು ದೊಡ್ಡ ಸಾಹಸವೇ. ಸ್ಕೂಲ್ ಪುಸ್ತಕಗಳಲ್ಲಿ ಸಾಹಸದ ಭಾಗ ಇರುತ್ತೆ, ಇನ್ನೊಂದು ಭಾಗ ಇರಲ್ಲ. ಕಾವೇರಿ ಮೇಲೆ ಅಷ್ಟು ದುಡ್ಡು ಹಾಕೋಕೆ ಮೈಸೂರು ಸಂಸ್ಥಾನಕ್ಕೆ ಧೈರ್ಯ ಬಂದಿದ್ದು ಗಣಿ ಕಂಪನಿಗಳು ಕರೆಂಟ್ ಕೊಳ್ತೀವಿ ಅಂತ ಮೊದಲೇ ಒಪ್ಪಂದ ಮಾಡಿಕೊಂಡಿದ್ದರಿಂದ. ಗಿರಾಕಿ ಗ್ಯಾರಂಟಿ, ಹಾಗಾಗಿ ಬಂಡವಾಳ ಸಲೀಸು. ಇವತ್ತು ಸೋಲಾರ್ ಕಂಪನಿಗಳು ಮಾಡಿಕೊಳ್ಳೋ ‘ಪಿಪಿಎ’ ಅನ್ನೋ ವಿದ್ಯುತ್ ಖರೀದಿ ಒಪ್ಪಂದದ ಹಿಂದಿರೋ ತರ್ಕವೂ ಇದೇ.

ಸರಿ, ಈಗ ಆ ಪ್ರೊಫೆಸರ್ ಹತ್ತಿರ ಬರೋಣ. ಹೆಸರು ಅಮೂಲ್ಯ ರೆಡ್ಡಿ, ಎ.ಕೆ.ಎನ್. ರೆಡ್ಡಿ ಅಂತಲೇ ಹೆಚ್ಚು ಪರಿಚಿತರು. ಹುಟ್ಟಿದ್ದು 1930ರಲ್ಲಿ, ಬೆಂಗಳೂರಿನಲ್ಲಿ. ಓದಿದ್ದು ಎಲೆಕ್ಟ್ರೋಕೆಮಿಸ್ಟ್ರಿ. ಲಂಡನ್‌ನ ಇಂಪೀರಿಯಲ್ ಕಾಲೇಜಿನಲ್ಲಿ ಪಿಎಚ್‌ಡಿ, ಅಮೆರಿಕದಲ್ಲಿ ಸಂಶೋಧನೆ, 1966ರಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ಗೆ, ನಮ್ಮೂರ ಭಾಷೆಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್‌ಗೆ. ಜಾನ್ ಬಾಕ್ರಿಸ್ ಜೊತೆ ಸೇರಿ ಅವರು ಬರೆದ ‘ಮಾಡರ್ನ್ ಎಲೆಕ್ಟ್ರೋಕೆಮಿಸ್ಟ್ರಿ’ ಜಗತ್ತಿನ ಎಷ್ಟೋ ಯೂನಿವರ್ಸಿಟಿಗಳಲ್ಲಿ ಪಠ್ಯ. ಹಾಗೇ ಮುಂದುವರಿದಿದ್ದರೆ ಆರಾಮಾಗಿ ದೊಡ್ಡ ಹೆಸರು ಮಾಡಬಹುದಿತ್ತು. ಆದರೆ 1974ರಲ್ಲಿ, ಸತೀಶ್ ಧವನ್ ಡೈರೆಕ್ಟರ್ ಆಗಿದ್ದ ಕಾಲದಲ್ಲಿ, ರೆಡ್ಡಿ ಮತ್ತು ಅವರ ಸಹೋದ್ಯೋಗಿಗಳು ಕ್ಯಾಂಪಸ್ ಒಳಗೇ ಒಂದು ಹೊಸ ಗುಂಪು ಕಟ್ಟಿದರು. ಗ್ರಾಮೀಣ ಪ್ರದೇಶಕ್ಕೆ ವಿಜ್ಞಾನ ತಂತ್ರಜ್ಞಾನದ ಬಳಕೆ ಅನ್ನೋ ಅರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನ ಸೇರಿಸಿ ‘ಅಸ್ತ್ರ’ ಅಂತ ಕರೆದರು.

ಅಸ್ತ್ರ ಅಂದ ತಕ್ಷಣ ನಿಮ್ಮಲ್ಲಿ ಕೆಲವರಿಗೆ ಅಜ್ಜಿ ಮನೆ ನೆನಪಾಗಬಹುದು. ಹೌದು, ‘ಅಸ್ತ್ರ ಒಲೆ’ಯ ಅಸ್ತ್ರ ಇದೇ. ಹೊಗೆ ಕೊಳವೆ ಇರೋ, ಒಟ್ಟಿಗೆ ಮೂರು ಪಾತ್ರೆ ಕೂರಿಸೋ ಒಲೆ.

ಇಲ್ಲಿ ಗಮನಿಸಿ. ಅಸ್ತ್ರದವರು ಮೊದಲು ಯಂತ್ರ ಮಾಡಲಿಲ್ಲ, ಮೊದಲು ಲೆಕ್ಕ ಮಾಡಿದರು. ಕುಣಿಗಲ್ ತಾಲ್ಲೂಕಿನ ಉಂಗ್ರದ ಹತ್ತಿರ ಒಂದು ಕೇಂದ್ರ ಮಾಡಿಕೊಂಡು, ಸುತ್ತಲಿನ ಆರು ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಕೇಳಿದರು, ಅಳೆದರು. ಈ ಹಳ್ಳಿ ನಡೆಯೋದು ಯಾವ ಶಕ್ತಿಯಿಂದ? ಕರೆಂಟ್ ಎಷ್ಟು, ಸೀಮೆಎಣ್ಣೆ ಎಷ್ಟು, ಎತ್ತು ಎಷ್ಟು, ಗಂಡಸರ ದುಡಿಮೆ ಎಷ್ಟು, ಹೆಂಗಸರದ್ದು ಎಷ್ಟು, ಮಕ್ಕಳದ್ದು ಎಷ್ಟು?

ಉತ್ತರ ನೋಡಿದರೆ ಬಹುಪಾಲು ಸೌದೆ. ಆ ಸೌದೆಯಲ್ಲಿ ಹೆಚ್ಚುಕಡಿಮೆ ಎಲ್ಲವೂ ದುಡ್ಡು ಕೊಟ್ಟು ಕೊಂಡಿದ್ದಲ್ಲ, ಆರಿಸಿ ತಂದಿದ್ದು. ಒಂದು ಮನೆಗೆ ದಿನಕ್ಕೆ ಸರಾಸರಿ ಎರಡೂವರೆ ಗಂಟೆಯಷ್ಟು ಹೊತ್ತು ಸೌದೆಗೇ ಹೋಗ್ತಿತ್ತು. ನೀರು ತರೋಕೆ ಇನ್ನಷ್ಟು ಹೊತ್ತು. ಮಾಡ್ತಿದ್ದವರು ಬಹುಪಾಲು ಹೆಂಗಸರು ಮತ್ತು ಮಕ್ಕಳು. ಅಲ್ಲಿಯವರೆಗೆ ಸರ್ಕಾರದ ಎನರ್ಜಿ ಪ್ಲಾನಿಂಗ್ ಕಡತಗಳಲ್ಲಿ ಶಕ್ತಿ ಅಂದರೆ ಕಲ್ಲಿದ್ದಲು, ಪೆಟ್ರೋಲ್, ಕರೆಂಟ್. ಹೆಂಗಸರ ತಲೆ ಮೇಲಿನ ಹೊರೆಗೆ ಅಲ್ಲಿ ಕಾಲಮ್ಮೇ ಇರಲಿಲ್ಲ.

ಆ ಆರು ಹಳ್ಳಿಗಳಲ್ಲಿ ಒಂದು ಪುರ. 1977ರಲ್ಲಿ ಅಲ್ಲಿದ್ದಿದ್ದು 56 ಮನೆ, 357 ಜನ. ಅಲ್ಲಿ ಅಸ್ತ್ರದವರು ಊರಿಗೆಲ್ಲ ಸೇರಿ ಗೋಬರ್ ಗ್ಯಾಸ್ ಸ್ಥಾವರ ಕಟ್ಟೋಕೆ ಹೊರಟರು. ಮನೆಗೊಂದಲ್ಲ, ಊರಿಗೇ ಸೇರಿದ್ದು. ಕಾರಣವೂ ಲೆಕ್ಕದ್ದೇ. ದೊಡ್ಡ ಸ್ಥಾವರಕ್ಕೆ ತಲಾ ಖರ್ಚು ಕಡಿಮೆ, ಮತ್ತೆ ದನ ಇಲ್ಲದ ಮನೆಗೆ ಸ್ವಂತ ಸ್ಥಾವರ ಇಟ್ಟುಕೊಂಡು ಮಾಡೋದೇನು?

ಮೊದಲ ಐಡಿಯಾ ಅಡುಗೆಗೆ ಗ್ಯಾಸ್. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಸೌದೆ ಉಳಿಯುತ್ತೆ, ಹೊಗೆ ಹೋಗುತ್ತೆ, ಹೆಂಗಸರ ಗಂಟೆಗಳು ಉಳಿಯುತ್ತವೆ. ಆದರೆ ಅದು ಹಿಡಿಯಲಿಲ್ಲ. ಯಾಕೆ ಅನ್ನೋದು ನನಗೆ ಈ ಇಡೀ ಕಥೆಯಲ್ಲೇ ತುಂಬಾ ಮುಖ್ಯವಾದ ಭಾಗ.

ಊರಿಗೆಲ್ಲ ಅಡುಗೆ ಮಾಡೋಕೆ ಬೇಕಾದಷ್ಟು ಸೆಗಣಿ ಬೀಳ್ತಿರಲಿಲ್ಲ ಅನ್ನೋದು ಒಂದು. ಇನ್ನೊಂದು ದುಡ್ಡಿನ ವಿಷಯ. ಸೌದೆ ಫ್ರೀ. ನಿಜವಾಗಿ ಫ್ರೀ ಅಲ್ಲ, ಅದಕ್ಕೆ ದಿನಕ್ಕೆ ಎರಡೂವರೆ ಗಂಟೆ ಕೊಡ್ತಿದ್ದಾರೆ. ಆದರೆ ಆ ಗಂಟೆಗಳನ್ನ ಯಾರೂ ದುಡ್ಡು ಕೊಟ್ಟು ಕೊಳ್ತಿಲ್ಲ. ಕೊಟ್ಟಿರೋಳು ಒಬ್ಬಳು, ಮನೆಯ ಕೈಚೀಲ ಇರೋದು ಇನ್ನೊಬ್ಬರ ಹತ್ತಿರ. ಕೈಚೀಲದವರ ಲೆಕ್ಕದಲ್ಲಿ ಸೌದೆಯ ಬೆಲೆ ಸೊನ್ನೆ. ಸೊನ್ನೆ ಬೆಲೆಯ ವಸ್ತುವನ್ನ ಯಾವ ತಂತ್ರಜ್ಞಾನ ತಾನೇ ಬೆಲೆಯಲ್ಲಿ ಸೋಲಿಸೋಕಾಗುತ್ತೆ? ನಮ್ಮ ಕಾಮರ್ಸ್ ಕ್ಲಾಸಲ್ಲಿ ಅವಕಾಶ ವೆಚ್ಚ ಅಂತ ಹೇಳ್ಕೊಟ್ಟಿದ್ದರು, ಒಂದು ಕೆಲಸಕ್ಕೆ ಕೊಟ್ಟ ಸಮಯವನ್ನ ಬೇರೆ ಕಡೆ ಹಾಕಿದ್ದರೆ ಏನು ಸಿಗ್ತಿತ್ತು ಅನ್ನೋ ಬೆಲೆ. ಉದಾಹರಣೆಗೆ ಸಿಎ ಬಿಟ್ಟು ಅಂಗಡಿ ಇಟ್ಟ ವ್ಯಕ್ತಿ ಬರ್ತಿದ್ದ. ಸೌದೆ ಹೊರೋ ಹೆಂಗಸು ಆ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ.

ಊರವರಿಗೆ ಬೇಕಾಗಿದ್ದು ಬೇರೆ ಇತ್ತು. ಒಂದು ಒಳ್ಳೆ ಕುಡಿಯೋ ನೀರು, ಇನ್ನೊಂದು ಮನೆಗೆ ಬೆಳಕು. ಹಾಗಾಗಿ 1987ರಲ್ಲಿ ಯೋಜನೆ ರೂಪ ಬದಲಿಸಿತು. ಗ್ಯಾಸನ್ನ ಒಲೆಗೆ ಕೊಡೋ ಬದಲು 5 ಕಿಲೋವ್ಯಾಟ್‌ನ ಒಂದು ಎಂಜಿನ್‌ಗೆ ಕೊಟ್ಟರು. ಅದು ಸ್ವಲ್ಪ ಡೀಸೆಲ್, ಬಹುಪಾಲು ಗೋಬರ್ ಗ್ಯಾಸ್ ಕುಡಿದು ಓಡೋ ಎಂಜಿನ್. ಅದರಿಂದ ಬಂದ ಕರೆಂಟಲ್ಲಿ ಬೋರ್‌ವೆಲ್ ಪಂಪ್ ಓಡಿ ನಲ್ಲಿಗೆ ನೀರು ಬಂತು, ಮನೆಗಳಿಗೆ ಟ್ಯೂಬ್‌ಲೈಟ್ ಬಂತು. ಸ್ಥಾವರ ನೋಡಿಕೊಂಡಿದ್ದು ಊರಿನ ಹುಡುಗರೇ.

ಇನ್ನು ಸೆಗಣಿ. ತಂದು ಹಾಕಿದವರಿಗೆ ಕಿಲೋಗೆ 2 ಪೈಸೆ ಕೊಡ್ತಿದ್ದರು. ಗ್ಯಾಸ್ ತೆಗೆದ ಮೇಲೆ ಉಳಿಯೋ ಬಗ್ಗಡವನ್ನ ಯಾರು ಎಷ್ಟು ಸೆಗಣಿ ಕೊಟ್ಟಿದ್ದರೋ ಆ ಪ್ರಮಾಣದಲ್ಲೇ ಗೊಬ್ಬರಕ್ಕೆ ವಾಪಸ್ ಕೊಡ್ತಿದ್ದರು. ಸೆಗಣಿ ಹೊತ್ತು ತರ್ತಿದ್ದವರು ಹೆಚ್ಚಾಗಿ ಹೆಂಗಸರು, ದುಡ್ಡು ಅವರ ಕೈಗೇ ಹೋಗ್ತಿತ್ತು. 2 ಪೈಸೆ ಅಂದ್ರೆ ನಗು ಬರಬಹುದು, 80ರ ದಶಕಕ್ಕೂ ಅದು ದೊಡ್ಡ ದುಡ್ಡಲ್ಲ. ಆದರೆ ಸೊನ್ನೆ ಅಂತ ಬರೆದಿದ್ದ ಕಾಲಮ್‌ನಲ್ಲಿ ಮೊದಲ ಸಲ ಒಂದು ಅಂಕಿ ಬಂತು. ಅಂಕಿ ಬಂದ ಕೂಡಲೇ ಸೆಗಣಿ ತಪ್ಪದೆ ಬರೋಕೆ ಒಂದು ಕಾರಣವೂ ಹುಟ್ಟಿತು. ಥರ್ಮೋಡೈನಾಮಿಕ್ಸ್ ಪುಸ್ತಕದಲ್ಲಿ ಈ 2 ಪೈಸೆಗೆ ಜಾಗ ಇಲ್ಲ, ಆದರೆ ಎಂಜಿನ್ ಓಡಿದ್ದು ಗ್ಯಾಸ್‌ನಿಂದ ಎಷ್ಟೋ ಈ 2 ಪೈಸೆಯಿಂದಲೂ ಅಷ್ಟೇ.

ಪುರದಲ್ಲಿ ಇನ್ನೊಂದು ಲೆಕ್ಕವೂ ಅಡಗಿತ್ತು. ಟ್ಯೂಬ್‌ಲೈಟ್ ಬೇಕಾಗೋದು ಸಂಜೆ ಕೆಲವೇ ಗಂಟೆ. ನೀರಿನ ಪಂಪ್‌ಗೆ ಇನ್ನು ಸ್ವಲ್ಪ ಹೊತ್ತು. ದಿನದ ಉಳಿದ ಹೊತ್ತೆಲ್ಲ ಎಂಜಿನ್ ಸುಮ್ಮನೆ ನಿಂತಿರುತ್ತೆ, ಬಂಡವಾಳದ ಬಡ್ಡಿ ಮಾತ್ರ ಅದರ ಪಾಡಿಗೆ ಬೆಳೀತಾ ಇರುತ್ತೆ. ಆಟೋ ಓಡಿಸೋರನ್ನ ಕೇಳಿ, ಗಾಡಿ ಸ್ಟ್ಯಾಂಡಲ್ಲಿ ನಿಂತಿದ್ದರೆ ಲೋನ್ ಕಂತು ನಿಲ್ಲುತ್ತಾ? ಎಂಜಿನ್ ಹೆಚ್ಚು ಗಂಟೆ ಓಡಿದಷ್ಟೂ ಒಂದು ಯೂನಿಟ್‌ನ ಬೆಲೆ ಇಳಿಯುತ್ತೆ. ಹಳ್ಳಿಯಲ್ಲಿ ಹಗಲು ಕರೆಂಟ್ ಬಳಸೋ ಒಂದು ಹಿಟ್ಟಿನ ಗಿರಣಿಯೋ ಸಣ್ಣ ಕೈಗಾರಿಕೆಯೋ ಇದ್ದರೆ ಅದೇ ಯಂತ್ರದ ಕರೆಂಟ್ ಅಗ್ಗ ಆಗ್ತಿತ್ತು.

ಕೊನೆಗೆ ಪುರದ ಸ್ಥಾವರ ನಿಂತುಹೋಯಿತು, 1990ರ ದಶಕದ ಕೊನೆಯ ಹೊತ್ತಿಗೆ. ರೆಡ್ಡಿ ಅದನ್ನ ಮುಚ್ಚಿಡಲಿಲ್ಲ. 2004ರಲ್ಲಿ ಪುರದ ಪಾಠಗಳ ಬಗ್ಗೆಯೇ ಒಂದು ಲೇಖನ ಬರೆದರು. ನನಗೆ ಕಾಣೋ ಹಾಗೆ ದೊಡ್ಡ ಕಷ್ಟ ಇದ್ದಿದ್ದು ಪಕ್ಕದಲ್ಲೇ ಹಾದುಹೋಗೋ ಸರ್ಕಾರಿ ತಂತಿಯಲ್ಲಿ. ಆ ತಂತಿಯ ಕರೆಂಟಿನ ದರ ಅದರ ಖರ್ಚಿನ ಮೇಲೆ ನಿಂತಿಲ್ಲ, ಸರ್ಕಾರದ ತೀರ್ಮಾನದ ಮೇಲೆ ನಿಂತಿದೆ. ಊರಿನ ಸ್ಥಾವರಕ್ಕೆ ಸಬ್ಸಿಡಿ ಕೊಡೋರು ಯಾರೂ ಇಲ್ಲ, ಡೀಸೆಲ್, ರಿಪೇರಿ, ಹುಡುಗರ ಸಂಬಳ ಎಲ್ಲ ಅಲ್ಲೇ ಹುಟ್ಟಬೇಕು. ಅಂಥ ರೇಸಲ್ಲಿ ಹತ್ತು ವರ್ಷದ ಹತ್ತಿರ ಓಡಿದ್ದೇ ಹೆಚ್ಚು.

ಪುರದ ಲೆಕ್ಕವನ್ನ ರೆಡ್ಡಿ ಆಮೇಲೆ ರಾಜ್ಯದ ಮಟ್ಟಕ್ಕೆ ಒಯ್ದರು. 80ರ ದಶಕದ ಕೊನೆಯಲ್ಲಿ, ಕೈಗಾ ಅಣುಸ್ಥಾವರದ ಚರ್ಚೆ ಜೋರಾಗಿದ್ದ ಹೊತ್ತಲ್ಲಿ, 2000ನೇ ಇಸವಿಯವರೆಗೆ ಕರ್ನಾಟಕಕ್ಕೆ ಎಷ್ಟು ಕರೆಂಟ್ ಬೇಕು ಅಂತ ಸರ್ಕಾರದ ಒಂದು ಸಮಿತಿ ದೊಡ್ಡ ಯೋಜನೆ ಕೊಟ್ಟಿತ್ತು. ರೆಡ್ಡಿ ತಂಡ ಪ್ರಶ್ನೆಯನ್ನೇ ತಿರುಗಿಸಿತು. ಜನಕ್ಕೆ ಬೇಕಾಗಿರೋದು ಯೂನಿಟ್ಟಾ, ಇಲ್ಲ ಬಿಸಿನೀರು, ಬೆಳಕು, ಗದ್ದೆಗೆ ನೀರಾ? ಸ್ನಾನದ ನೀರನ್ನ ಸೂರ್ಯ ಕಾಯಿಸಿದರೆ, ಬುರುಡೆ ಬಲ್ಬ್ ಬದಲು ಸಿಎಫ್ಎಲ್ ಉರಿದರೆ, ಪಂಪ್‌ಸೆಟ್ ಸರಿ ಮಾಡಿದರೆ, ಉಳಿದ ಒಂದೊಂದು ಯೂನಿಟ್ಟೂ ತಯಾರಿಸಿದ ಯೂನಿಟ್‌ಗೆ ಸಮ. ಅದರ ಬೆಲೆಯನ್ನೂ ಅದೇ ಬಡ್ಡಿ ಲೆಕ್ಕದಲ್ಲಿ ಹಾಕಿ, ಅಗ್ಗದ್ದನ್ನ ಮೊದಲು, ದುಬಾರಿಯದನ್ನ ಕೊನೆಗೆ ಸಾಲಾಗಿ ನಿಲ್ಲಿಸಿ. ಹೀಗೆ ಮಾಡಿದಾಗ ಸರ್ಕಾರಿ ಯೋಜನೆ ಹೇಳಿದ್ದರ ಅರ್ಧಕ್ಕಿಂತ ಕಡಿಮೆ ಕರೆಂಟಲ್ಲಿ ಕೆಲಸ ನಡೆಯುತ್ತೆ ಅಂತ ಅವರ ಅಂದಾಜು ಬಂತು. ಈ ವಿಧಾನಕ್ಕೆ ‘ಡಿಫೆಂಡಸ್’ ಅಂತ ಹೆಸರು. ಇವತ್ತು ಬೆಂಗಳೂರಿನ ಮಹಡಿಗಳ ಮೇಲೆ ಸಾಲಾಗಿ ಕೂತಿರೋ ಸೋಲಾರ್ ವಾಟರ್ ಹೀಟರ್ ನೋಡಿದಾಗ ನನಗೆ ಆ ಪಟ್ಟಿ ನೆನಪಾಗುತ್ತೆ.

1991ರಲ್ಲಿ ರೆಡ್ಡಿ ಬರೆದ ಇನ್ನೊಂದು ಲೇಖನ ಇನ್ನೂ ಮಜವಾಗಿದೆ. ಒಳ್ಳೆಯ ತಂತ್ರಜ್ಞಾನ ಎದುರಿಗಿದ್ದರೂ ಜನ ಯಾಕೆ ಕೊಳ್ಳಲ್ಲ? ಅವರು ಗ್ರಾಹಕರನ್ನ ಬೇರೆ ಬೇರೆ ಗುಂಪು ಮಾಡಿದರು. ಗೊತ್ತಿಲ್ಲದವರು, ಗೊತ್ತಿದ್ದೂ ಮೊದಲ ಖರ್ಚಿಗೆ ದುಡ್ಡಿಲ್ಲದ ಬಡವರು, ತಲೆಕೆಡಿಸಿಕೊಳ್ಳದವರು, ಸಹಾಯ ಇಲ್ಲದವರು, ಭವಿಷ್ಯದ ಬೆಲೆ ಬಗ್ಗೆ ಅನುಮಾನ ಇರೋರು, ಇನ್ನೊಬ್ಬರು ಹಾಕಿಸಿಟ್ಟ ಕೆಟ್ಟ ಉಪಕರಣದ ಜೊತೆ ಬದುಕೋರು. ಬಾಡಿಗೆ ಮನೆಯಲ್ಲಿ ಓನರ್ ಹಾಕಿಸಿದ ಹಳೇ ಗೀಸರ್‌ಗೆ ಬಿಲ್ ಕಟ್ತಿರೋ ನಮ್ಮಂಥೋರು ಕೊನೇ ಗುಂಪು. ಎರಡನೇ ಗುಂಪಿಗೆ ಮಾತ್ರ ಇಎಂಐ ಔಷಧಿ. ಉಳಿದವರಿಗೆ ಬೇರೆ ಬೇರೆ ಔಷಧಿ. ಎಲ್ಲರಿಗೂ ಒಂದೇ ಸಬ್ಸಿಡಿ ಮಾತ್ರೆ ಕೊಟ್ಟರೆ ಜ್ವರ ಬಿಡಲ್ಲ.

ಆ ಎರಡನೇ ಗುಂಪಿನ ಮನೆ ಬಾಗಿಲಿಗೇ ಹೋದವರು ಹರೀಶ್ ಹಂದೆ. ಐಐಟಿ ಖರಗ್‌ಪುರದಲ್ಲಿ ಎನರ್ಜಿ ಎಂಜಿನಿಯರಿಂಗ್, ಆಮೇಲೆ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಪಿಎಚ್‌ಡಿ. ಓದುತ್ತಿದ್ದಾಗ ಡೊಮಿನಿಕನ್ ರಿಪಬ್ಲಿಕ್‌ಗೆ ಹೋಗಿ, ಬಡವರೇ ದುಡ್ಡು ಕೊಟ್ಟು ಸೋಲಾರ್ ದೀಪ ಬಳಸೋದನ್ನ ನೋಡಿದರು. ಸಂಶೋಧನೆಯ ದಿಕ್ಕನ್ನೇ ಬದಲಿಸಿ ಶ್ರೀಲಂಕಾದ ಹಳ್ಳಿಗಳಲ್ಲಿ ಹೋಗಿ ಉಳಿದುಕೊಂಡರು. 1995ರಲ್ಲಿ ನೆವಿಲ್ ವಿಲಿಯಮ್ಸ್ ಜೊತೆ ಸೇರಿ ಬೆಂಗಳೂರಿನಲ್ಲಿ ಸೆಲ್ಕೋ ಶುರು ಮಾಡಿದರು. ಹಂದೆ ತಮ್ಮ ಭಾಷಣಗಳಲ್ಲಿ ಒಂದು ಪ್ರಸಂಗ ಮತ್ತೆ ಮತ್ತೆ ಹೇಳ್ತಾರೆ: ಬೀದಿ ವ್ಯಾಪಾರಿಯೊಬ್ಬರಿಗೆ ತಿಂಗಳಿಗೆ 300 ರೂಪಾಯಿ ಅಂದರೆ ಕೈಗೆಟುಕಲ್ಲ, ದಿನಕ್ಕೆ 10 ರೂಪಾಯಿ ಅಂದರೆ ಪರವಾಗಿಲ್ಲ. ಗಣಿತದಲ್ಲಿ ಎರಡೂ ಒಂದೇ. ತರಕಾರಿ ಗಾಡಿಯವರ ಗಲ್ಲಾಪೆಟ್ಟಿಗೆಯಲ್ಲಿ ಎರಡೂ ಒಂದೇ ಅಲ್ಲ. ಅಲ್ಲಿ ದುಡ್ಡು ದಿನಾ ಬರುತ್ತೆ, ದಿನಾ ಖಾಲಿ ಆಗುತ್ತೆ. ಕ್ಯಾಶ್ ಫ್ಲೋ ಅನ್ನೋ ಪದವನ್ನ ಇದಕ್ಕಿಂತ ಚೆನ್ನಾಗಿ ಕಲಿಸೋ ಉದಾಹರಣೆ ನಾನು ಕೇಳಿಲ್ಲ.

ಆದರೆ ದಿನಕ್ಕೆ 10 ರೂಪಾಯಿ ತಗೊಳ್ಳೋ ಬ್ಯಾಂಕ್ ಬೇಕಲ್ಲ? ಸೆಲ್ಕೋದ ಅರ್ಧ ಕೆಲಸ ಪ್ಯಾನೆಲ್ ಕೂರಿಸೋದು, ಇನ್ನರ್ಧ ಬ್ಯಾಂಕ್ ಮ್ಯಾನೇಜರ್ ಎದುರು ಕೂರೋದು. ಮನೆ ದೀಪಕ್ಕೆ ಸಾಲ ಅಂದರೆ ಎಮ್ಮೆ ಅಲ್ಲ, ಟ್ರ್ಯಾಕ್ಟರ್ ಅಲ್ಲ, ಆದಾಯ ತರೋದು ಹೇಗೆ ಅಂತ ಬ್ಯಾಂಕಿನ ಪ್ರಶ್ನೆ. ಅದೇ ದಾರಿಯಲ್ಲಿ 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ, ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್ ಜೊತೆ ಸೇರಿ ದಕ್ಷಿಣ ಭಾರತದಲ್ಲಿ ಒಂದು ಸೋಲಾರ್ ಸಾಲ ಯೋಜನೆ ತಂತು. ಪ್ಯಾನೆಲ್‌ನ ಬೆಲೆಗೆ ಸಬ್ಸಿಡಿ ಕೊಡೋ ಬದಲು ಬಡ್ಡಿಯನ್ನ ಇಳಿಸಿದರು, ಸುಮಾರು ಶೇ 12ರಿಂದ ಶೇ 5ಕ್ಕೆ. ಕೆಲವೇ ವರ್ಷದಲ್ಲಿ 18,000ಕ್ಕೂ ಹೆಚ್ಚು ಮನೆಗಳಿಗೆ ಸೋಲಾರ್ ಬಂತು. ಶುರುವಿನಲ್ಲಿ ನಾವು ಹಾಕಿದ ಲೆಕ್ಕ ನೆನಪಿದೆಯಲ್ಲ, ಶೇ 12ರಲ್ಲಿ 4 ರೂಪಾಯಿ 55 ಪೈಸೆ, ಶೇ 6ರಲ್ಲಿ 2 ರೂಪಾಯಿ 79 ಪೈಸೆ? ಅದೇ ಇದು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅದನ್ನ ನೋಡೋಕೆ ರೆಡ್ಡಿ ಇರಲಿಲ್ಲ, 2006ರಲ್ಲೇ ತೀರಿಕೊಂಡಿದ್ದರು.

ಇಲ್ಲಿಂದ ಮುಂದೆ ಕಥೆಯ ಗಾತ್ರವೇ ಬದಲಾಗುತ್ತೆ. 2010ರಲ್ಲಿ ಕೇಂದ್ರದ ವಿದ್ಯುತ್ ನಿಯಂತ್ರಣ ಆಯೋಗ ಸೋಲಾರ್ ಕರೆಂಟಿಗೆ ಇಟ್ಟಿದ್ದ ದರ ಯೂನಿಟ್‌ಗೆ 17 ರೂಪಾಯಿ 91 ಪೈಸೆ. 2017ರಲ್ಲಿ ರಾಜಸ್ಥಾನದ ಭಡ್ಲಾ ಪಾರ್ಕ್‌ನ ಹರಾಜಲ್ಲಿ 2 ರೂಪಾಯಿ 44 ಪೈಸೆ. 2020ರ ಕೊನೆಗೆ ಗುಜರಾತ್‌ನ ಹರಾಜಲ್ಲಿ 1 ರೂಪಾಯಿ 99 ಪೈಸೆ. ಪ್ಯಾನೆಲ್ ಬೆಲೆ ಕುಸಿದಿದ್ದು ದೊಡ್ಡ ಕಾರಣ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸರ್ಕಾರಿ ಸಂಸ್ಥೆಯೇ 25 ವರ್ಷ ಕೊಳ್ತೀನಿ ಅಂತ ಒಪ್ಪಂದಕ್ಕೆ ಸಹಿ ಹಾಕಿದಾಗ ಸಾಲ ಕೊಡೋರ ಭಯ ಇಳಿಯುತ್ತೆ, ಭಯ ಇಳಿದರೆ ಬಡ್ಡಿ ಇಳಿಯುತ್ತೆ. ಶಿವನಸಮುದ್ರಕ್ಕೆ ಕೋಲಾರದ ಗಣಿ ಸಿಕ್ಕಿದ ಹಾಗೆ.

ಮತ್ತೆ ತುಮಕೂರು ಜಿಲ್ಲೆಗೇ ವಾಪಸ್ ಬರೋಣ. ಕುಣಿಗಲ್ ಜಿಲ್ಲೆಯ ತೆಂಕಣ ತುದಿ, ಪಾವಗಡ ಬಡಗಣ ತುದಿ, ನಕ್ಷೆಯಲ್ಲಿ ನೋಡಿದರೆ ಆಂಧ್ರದ ಮಡಿಲಲ್ಲಿ ಕೂತ ಹಾಗಿದೆ. ಬರದ ನಾಡು. ಅಲ್ಲಿ ತಿರುಮಣಿ, ವಳ್ಳೂರು ಸೇರಿ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್. ಪುರದ ಎಂಜಿನ್ 5 ಕಿಲೋವ್ಯಾಟ್, ಅಂದ್ರೆ ಪಾವಗಡ ಅದರ ನಾಲ್ಕು ಲಕ್ಷ ಪಟ್ಟು. ಜಮೀನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಮಾಲೀಕತ್ವ ರೈತರದ್ದೇ. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಮಳೆ ನಂಬಿ ಶೇಂಗಾ ಹಾಕಿ ಕೈ ಸುಟ್ಟುಕೊಂಡವರಿಗೆ ಇದು ಸಣ್ಣ ಮೊತ್ತ ಅಲ್ಲ. ಈ ಮಾದರಿಯನ್ನ ನಾನೂ ಮೆಚ್ಚಿಕೊಳ್ತೀನಿ.

ಆದರೂ ಎಂಜಿನಿಯರಿಂಗ್ ಕ್ಲಾಸಿಗೆ ಒಂದು ಅಸೈನ್‌ಮೆಂಟ್ ಕೊಡಿ ಅಂದರೆ ನಾನು ಕೊಡೋದು ಪಾವಗಡವನ್ನೇ. ಎರಡು ಲೆಕ್ಕ ಇವೆ.

ಮೊದಲನೇದು ಕಾಲದ ಲೆಕ್ಕ, ಈ ಸಲ ರೈತರ ಕಡೆಯಿಂದ. ಎರಡು ವರ್ಷಕ್ಕೆ ಶೇ 5 ಅಂದರೆ 24 ವರ್ಷದ ನಂತರ ಗುತ್ತಿಗೆ ಸುಮಾರು 37,700 ರೂಪಾಯಿ. ಬೆಲೆಗಳು ವರ್ಷಕ್ಕೆ ಶೇ 5ರ ಹಾಗೆ ಏರ್ತಾ ಹೋದವು ಅಂದುಕೊಳ್ಳಿ. ಆಗ ಶುರುವಿನ 21,000ಕ್ಕೆ ಸಮ ಆಗೋಕೆ 67,700 ರೂಪಾಯಿ ಬೇಕು. ಅಂದ್ರೆ ಆ ದಿನದ ಗುತ್ತಿಗೆ ಶುರುವಿನ ದಿನದ ದುಡ್ಡಲ್ಲಿ 11,700 ರೂಪಾಯಿಯಷ್ಟು ಮಾತ್ರ. ಕಂಪನಿಯ ಎಂಜಿನಿಯರ್ ಸಾಲದ ಕಂತಿಗೆ ಬಳಸೋ ಫಾರ್ಮುಲಾವನ್ನೇ ತಿರುಗಿಸಿ ರೈತರ ಕಡೆಯಿಂದ ಹಾಕಿದರೆ ಬರೋ ಉತ್ತರ ಇದು. ಒಪ್ಪಂದಕ್ಕೆ ಸಹಿ ಹಾಕೋ ಮುಂಚೆ ಮೇಜಿನ ಆ ಬದಿಗೆ ಕೂತು ಈ ಲೆಕ್ಕ ಹಾಕಿಕೊಡೋ ಒಬ್ಬರಾದರೂ ಇರಬೇಕು. ಅದು ಊರಿನದೇ ಒಬ್ಬ ಬಿಇ ಹುಡುಗಿ ಯಾಕಾಗಬಾರದು?

ಎರಡನೇದು ಪೈಸೆ ಲೆಕ್ಕ. 13,000 ಎಕರೆಗೆ 21,000ದ ಹಾಗೆ ವರ್ಷಕ್ಕೆ 27 ಕೋಟಿ 30 ಲಕ್ಷ. ದೊಡ್ಡ ಮೊತ್ತ ಅನಿಸುತ್ತೆ. ಈಗ ಅದನ್ನ ಯೂನಿಟ್‌ಗೆ ಇಳಿಸಿ. ಪಾರ್ಕ್ ತನ್ನ ಪೂರ್ತಿ ಸಾಮರ್ಥ್ಯದ ಶೇ 20ರಿಂದ 25ರಷ್ಟು ಉತ್ಪಾದಿಸುತ್ತೆ ಅಂತ ಹಿಡಿದರೆ ವರ್ಷಕ್ಕೆ ಸುಮಾರು 360ರಿಂದ 450 ಕೋಟಿ ಯೂನಿಟ್. ಭಾಗಿಸಿ. ಜಮೀನಿನ ಇಡೀ ಗುತ್ತಿಗೆ ಒಂದು ಯೂನಿಟ್‌ಗೆ 6ರಿಂದ 8 ಪೈಸೆ.

ಆ 6ರಿಂದ 8 ಪೈಸೆಯೂ ಹೋಗೋದು ಪಹಣಿಯಲ್ಲಿ ಹೆಸರಿರೋರಿಗೆ. ಅದೇ ಹೊಲಗಳಲ್ಲಿ ಕಳೆ ಕೀಳ್ತಿದ್ದ, ಶೇಂಗಾ ಬಿಡಿಸ್ತಿದ್ದ, ಕುರಿ ಮೇಯಿಸ್ತಿದ್ದ ಜಮೀನಿಲ್ಲದ ಮನೆಗಳಿಗೆ ಗುತ್ತಿಗೆಯಲ್ಲಿ ಪಾಲಿಲ್ಲ. ಹೊಲ ಹೋದ ಮೇಲೆ ಕೂಲಿಯೂ ಹೋಯಿತು. ಕಂಪನಿಯ ಶೀಟಲ್ಲಿ ಅವರ ಹೆಸರಿನ ಸಾಲೇ ಇಲ್ಲ, ಪುರದ ಸೌದೆ ಹೊರೆಯವರಿಗೆ ಸರ್ಕಾರದ ಕಡತದಲ್ಲಿ ಕಾಲಮ್ ಇರದ ಹಾಗೆ. ಆ ಸಾಲನ್ನ ನಾವೇ ಸೇರಿಸಿ ನೋಡೋಣ. ಅವರಿಗಾಗಿ ಯೂನಿಟ್‌ಗೆ ಒಂದೇ ಒಂದು ಪೈಸೆ ಎತ್ತಿಟ್ಟರೂ ವರ್ಷಕ್ಕೆ ಮೂರೂವರೆ ಕೋಟಿಯಿಂದ ನಾಲ್ಕೂವರೆ ಕೋಟಿ ರೂಪಾಯಿ ಆಗುತ್ತೆ, ಐದು ಹಳ್ಳಿಗೆ.